ಕಾಪಾಡಲು ಬಂದವರು ಲೆಕ್ಕ ಕೊಡುವುದು ಯಾರಿಗೆ?

ಸುಡಾನಿನ ಉತ್ತರ ದಾರ್ಫುರ್ ಪ್ರಾಂತ್ಯದ ರಾಜಧಾನಿ ಎಲ್ ಫಾಶರ್ 2025ರ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ವಶವಾಯಿತು. ಐನೂರು ದಿನಗಳಿಗೂ ಮೀರಿದ ಮುತ್ತಿಗೆಯಲ್ಲಿ ಅನ್ನ, ಔಷಧಿ ಎರಡೂ ಇಲ್ಲದೆ ಸೊರಗಿದ್ದ ಆ ಊರಿನ ಹೆರಿಗೆ ಆಸ್ಪತ್ರೆಯೊಂದರಲ್ಲೇ ರೋಗಿಗಳು ಮತ್ತು ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿಗಳು ಬಂದಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಎಲ್ ಫಾಶರ್ ಹೆಸರು ಕರ್ನಾಟಕಕ್ಕೆ ತೀರಾ ಅಪರಿಚಿತವೇನಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಸೇನೆಗೂ ಆರ್‌ಎಸ್‌ಎಫ್‌ಗೂ ಯುದ್ಧ ಶುರುವಾದಾಗ ಗಿಡಮೂಲಿಕೆ ಔಷಧಿ ಮಾರಲು ಸುಡಾನಿಗೆ ಹೋಗಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದವರಲ್ಲಿ ಹಲವರು ಸಿಲುಕಿಕೊಂಡಿದ್ದು ಇದೇ ಊರಿನಲ್ಲಿ. ಹಾಸನ ಜಿಲ್ಲೆಯಲ್ಲಿ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲೂ ಅದೇ ಸಮುದಾಯದ, ಅದೇ ಕಸುಬಿನ ಜನ ಇರುವುದರಿಂದ ಆಗ ಇಲ್ಲಿಯೂ ಆ ಸುದ್ದಿಯನ್ನು ಆತಂಕದಿಂದಲೇ ಓದಿದ್ದೆವು. ಭಾರತ ಸರ್ಕಾರ ಆಪರೇಷನ್ ಕಾವೇರಿ ನಡೆಸಿ 3,800ಕ್ಕೂ ಹೆಚ್ಚು ಮಂದಿಯನ್ನು ಅಲ್ಲಿಂದ ಕರೆತಂದಿತು.

ತನ್ನ ಪ್ರಜೆಗಳನ್ನು ಕರೆತರುವುದು ಯಾವ ಸರ್ಕಾರಕ್ಕಾದರೂ ಕರ್ತವ್ಯ, ಅದರಲ್ಲಿ ವಾದವಿಲ್ಲ. ಇನ್ನೊಂದು ದೇಶದ ಜನರನ್ನು ಅವರ ಸರ್ಕಾರದಿಂದಲೋ ಅಲ್ಲಿನ ಸೇನೆಯಿಂದಲೋ ಕಾಪಾಡುತ್ತೇವೆಂದು ಬಲಾಢ್ಯ ರಾಷ್ಟ್ರಗಳು ಗಡಿ ದಾಟಿ ಸೈನ್ಯ ಕಳಿಸುವುದು ಬೇರೆಯೇ ಸಂಗತಿ. ಅದಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಚರ್ಚೆ ಸಾಮಾನ್ಯವಾಗಿ ಹೋದವರ ಉದ್ದೇಶ ಶುದ್ಧವಾಗಿತ್ತೇ ಎಂಬ ಪ್ರಶ್ನೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಆ ಪ್ರಶ್ನೆಯಿಂದ ದಕ್ಕುವುದು ಕಡಿಮೆ. ಒಳಗೆ ಹೋದವರು ಆಮೇಲಿನ ಪರಿಣಾಮವನ್ನು ತಾವೂ ಉಣ್ಣಬೇಕಾಗಿತ್ತೇ, ಅಧಿಕಾರವನ್ನು ವಹಿಸಿಕೊಡಲು ಆ ನೆಲದಲ್ಲಿ ಜನ ಒಪ್ಪಿದವರು ಯಾರಾದರೂ ಇದ್ದರೇ ಎಂದು ಕೇಳಿದರೆ ಇತಿಹಾಸ ಹೆಚ್ಚು ಸ್ಪಷ್ಟವಾಗಿ ಉತ್ತರ ಕೊಡುತ್ತದೆ.

ಇದರ ಒಂದು ಹಳೆಯ ನಿದರ್ಶನಕ್ಕೆ ನಾವು ಯುರೋಪಿನವರೆಗೆ ಹೋಗಬೇಕಾಗಿಲ್ಲ, ತರೀಕೆರೆಯವರೆಗೆ ಹೋದರೆ ಸಾಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಒಡೆಯರ ಮನೆತನವನ್ನು ಮತ್ತೆ ಗದ್ದುಗೆಗೆ ತಂದ ಈಸ್ಟ್ ಇಂಡಿಯಾ ಕಂಪನಿ, ಮೈಸೂರಿನಿಂದ ವರ್ಷಕ್ಕೆ ಏಳು ಲಕ್ಷ ವರಹ ಪೊಗದಿ (ಕಪ್ಪ) ಬರಬೇಕೆಂದು ಒಪ್ಪಂದ ಮಾಡಿಕೊಂಡಿತು. 1830ರ ಹೊತ್ತಿಗೆ ನಗರ (ಹಿಂದಿನ ಬಿದನೂರು) ಪ್ರಾಂತ್ಯದಲ್ಲಿ ಆಡಳಿತ ಕೆಟ್ಟಿತ್ತು. ಇಂತಿಷ್ಟು ಹಣ ವಸೂಲಿ ಮಾಡಿಕೊಡುತ್ತೇವೆಂದು ಶರತ್ತು ಬರೆದುಕೊಟ್ಟ ಅಮಲ್ದಾರರು ಅದನ್ನು ರೈತರಿಂದ ಹಿಂಡತೊಡಗಿದರು. ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದರು. ಬೂದಿ ಬಸವಪ್ಪ ನಾಯಕ ಬಿದನೂರಿನ ಗದ್ದುಗೆಗೆ ತಾನೇ ವಾರಸುದಾರನೆಂದು ಎದ್ದುನಿಂತ. ತರೀಕೆರೆಯ ಪಾಳೆಯಗಾರ ಮನೆತನವೂ ಕೂಡಿಕೊಂಡಿತು. ದಂಗೆಯನ್ನು ಹತ್ತಿಕ್ಕಲು ಕಂಪನಿಯ ಪಡೆಗಳೇ ಮಹಾರಾಜರ ನೆರವಿಗೆ ಬಂದವು. ದಂಗೆ ಅಡಗಿದ ಬಳಿಕ, 1831ರ ಅಕ್ಟೋಬರ್‌ನಲ್ಲಿ, ಜನ ದುರಾಡಳಿತದಿಂದ ನರಳುತ್ತಿದ್ದಾರೆಂಬ ಕಾರಣ ಮುಂದಿಟ್ಟು ಗವರ್ನರ್ ಜನರಲ್ ಬೆಂಟಿಂಕ್ ಇಡೀ ಸಂಸ್ಥಾನದ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡ. ರೈತರ ಮೇಲೆ ಗುಂಡು ಹಾರಿಸಲು ಬಂದ ಸೈನ್ಯದ ಒಡೆಯರೇ ರೈತರ ಹೆಸರಿನಲ್ಲಿ ಆಳಲು ಕುಳಿತರು.

ಬೆಂಟಿಂಕ್ ಆಧಾರವಾಗಿ ತೋರಿಸಿದ್ದು 1799ರ ಒಪ್ಪಂದದ ಒಂದು ಕಲಮನ್ನು. ಆ ಕಲಮು ಹೇಳುತ್ತಿದ್ದುದಾದರೂ ಏನು? ಪೊಗದಿಯ ಹಣ ಬಾರದೆ ಹೋಗುವ ಭಯವಿದ್ದರೆ ಸಂಸ್ಥಾನದ ಯಾವುದೋ ಒಂದು ಭಾಗವನ್ನೋ ಕೆಲವು ಭಾಗಗಳನ್ನೋ ಕಂಪನಿ ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದು ಎಂದು. ಭಾಗ ಎಂದಿದ್ದ ಕಡೆ ಇಡೀ ಸಂಸ್ಥಾನವೇ ಹೋಯಿತು. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಿಸಿದ ಸಮಿತಿ ವರದಿ ಕೊಟ್ಟಿದ್ದು 1833ರಲ್ಲಿ. ಅಂದರೆ ಮೊದಲು ಜಪ್ತಿ, ಆಮೇಲೆ ವಿಚಾರಣೆ. ಕಮಿಷನರ್ ಕಬ್ಬನ್ ನೂರಾರು ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಿದ್ದು ನಿಜ, ರಸ್ತೆಗಳಾಗಿದ್ದೂ ನಿಜ. ಅದೇ ದಶಕಗಳಲ್ಲಿ ಬಾಬಾಬುಡನ್‌ಗಿರಿಯ ತಪ್ಪಲಿನಲ್ಲೂ ಮಂಜರಾಬಾದಿನಲ್ಲೂ ಯುರೋಪಿಯನ್ ಪ್ಲಾಂಟರುಗಳ ಕಾಫಿ ತೋಟಗಳು ಎದ್ದವು ಎಂಬುದೂ ಅಷ್ಟೇ ನಿಜ. ರಾಜ್ಯ ಹಿಂದಿರುಗಿಸಿ ಎಂದು ಅರ್ಜಿ ಬರೆಯುತ್ತಲೇ ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು. ಅದು ಹಿಂದಿರುಗಿದ್ದು 1881ರಲ್ಲಿ, ಸರಿಯಾಗಿ ಐವತ್ತು ವರ್ಷಕ್ಕೆ. ನೆರೆಯ ಕೊಡಗಿಗೆ 1834ರಲ್ಲಿ, ದೂರದ ಅವಧ್‌ಗೆ 1856ರಲ್ಲಿ ಇದೇ ದುರಾಡಳಿತದ ಕಾರಣ ಹೇಳಲಾಯಿತು. ಆ ಎರಡಕ್ಕೂ ಮರಳಿಸುವ ಮಾತೇ ಬರಲಿಲ್ಲ.

ಯುರೋಪು ತನ್ನ ನೆರೆಯಲ್ಲಿ ನಡೆಸಿದ್ದೂ ಇದೇ ಕಾಲದಲ್ಲಿ. ಗ್ರೀಕರನ್ನು ಒಟ್ಟೊಮನ್ ದಬ್ಬಾಳಿಕೆಯಿಂದ ಬಿಡಿಸುವ ಕೂಗಿನ ನಡುವೆ ಬ್ರಿಟನ್, ಫ್ರಾನ್ಸ್, ರಷ್ಯಾಗಳ ನೌಕಾಪಡೆಗಳು 1827ರ ಅಕ್ಟೋಬರ್‌ನಲ್ಲಿ ನವಾರಿನೊ ಕೊಲ್ಲಿಯಲ್ಲಿ ಒಟ್ಟೊಮನ್-ಈಜಿಪ್ಟ್ ನೌಕಾಪಡೆಯನ್ನು ಧ್ವಂಸ ಮಾಡಿದವು. 1860ರಲ್ಲಿ ಲೆಬನಾನ್ ಬೆಟ್ಟಸೀಮೆಯಲ್ಲೂ ಡಮಾಸ್ಕಸ್‌ನಲ್ಲೂ ಕ್ರೈಸ್ತರ ಹತ್ಯಾಕಾಂಡ ನಡೆದಾಗ ಫ್ರಾನ್ಸ್ ಸುಮಾರು ಆರು ಸಾವಿರ ಸೈನಿಕರನ್ನು ಕಳಿಸಿತು. ಉಳಿದ ಯುರೋಪಿಯನ್ ಶಕ್ತಿಗಳು ಅವಧಿ ಕಟ್ಟಿದ್ದರಿಂದ ಮರುವರ್ಷವೇ ಹಿಂದಕ್ಕೆ ಕರೆಸಿಕೊಂಡಿತು. ಹತ್ತೊಂಬತ್ತನೇ ಶತಮಾನದ ಇಂಥ ಪ್ರಕರಣಗಳಲ್ಲಿ ನನಗೆ ಸ್ವಲ್ಪವಾದರೂ ಗೌರವ ಮೂಡಿಸುವುದು ಇದೊಂದೇ, ಅದೂ ಫ್ರೆಂಚರ ಸದುದ್ದೇಶಕ್ಕಾಗಿ ಅಲ್ಲ, ಅವರ ಮೇಲೆ ಹತ್ತು ಕಣ್ಣು ನೆಟ್ಟಿದ್ದವು ಎಂಬುದಕ್ಕಾಗಿ. ಕಣ್ಣಿಡುವವರು ಇಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಕಾಂಗೋ ಸಾಕ್ಷಿ. ಗುಲಾಮರ ವ್ಯಾಪಾರವನ್ನು ಕೊನೆಗಾಣಿಸುವ ಮಾತಾಡಿ 1885ರಲ್ಲಿ ಆ ನಾಡನ್ನು ಖಾಸಗಿ ಸೊತ್ತಿನಂತೆ ಪಡೆದ ಬೆಲ್ಜಿಯಂ ದೊರೆ ಲಿಯೋಪೋಲ್ಡ್, ರಬ್ಬರಿಗಾಗಿ ಅಲ್ಲಿನ ಜನರ ಕೈ ಕಡಿಸುವ ಆಳ್ವಿಕೆ ನಡೆಸಿದ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಅದು. 1898ರಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿ ಸ್ಪೇನಿನ ಹಿಂಸೆಯಿಂದ ಕ್ಯೂಬಾದ ಜನರನ್ನು ಬಿಡಿಸಬೇಕೆಂದು, ಮಾನವೀಯತೆಯ ಕಾರಣವನ್ನೇ ಮೊದಲಿಗೆ ಹೇಳಿ, ಯುದ್ಧಕ್ಕೆ ಅನುಮತಿ ಕೇಳಿದ. ಯುದ್ಧದ ಬಳಿಕ ಗ್ವಾಂಟನಾಮೊದಲ್ಲಿ ನೌಕಾನೆಲೆಯ ಹಕ್ಕು ಅಮೆರಿಕದ್ದಾಯಿತು, ಭೂಮಿಯ ಇನ್ನೊಂದು ಬದಿಯ ಫಿಲಿಪ್ಪೀನ್ಸ್ ಅದರ ವಸಾಹತಾಯಿತು.

ಇವೆಲ್ಲ ಕಣ್ಣೆದುರಿಗೆ ಇದ್ದುದರಿಂದಲೇ 1945ರ ವಿಶ್ವಸಂಸ್ಥೆಯ ಸನ್ನದು ಇನ್ನೊಂದು ರಾಷ್ಟ್ರದ ಮೇಲೆ ಬಲಪ್ರಯೋಗವನ್ನು ನಿಷೇಧಿಸಿತು. ಎರಡೇ ವಿನಾಯಿತಿ: ಆತ್ಮರಕ್ಷಣೆ, ಇಲ್ಲವೇ ಭದ್ರತಾ ಮಂಡಳಿಯ ಅನುಮತಿ. ಮಧ್ಯಪ್ರವೇಶದ ಹಕ್ಕು ಎಂದು ಒಂದನ್ನು ಒಪ್ಪಿಕೊಂಡರೆ ಅದು ಬಲಾಢ್ಯರಿಗೆ ಮಾತ್ರ ಮೀಸಲಾಗುತ್ತದೆ ಎಂದು 1949ರ ಕೋರ್ಫು ಕಡಲ್ಗಾಲುವೆ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಎಚ್ಚರಿಸಿತು. ಆದರೆ ಅದಕ್ಕೆ ನಾಲ್ಕು ತಿಂಗಳು ಮೊದಲು, 1948ರ ಡಿಸೆಂಬರ್‌ನಲ್ಲಿ, ನರಮೇಧವನ್ನು ತಡೆಯುವುದು ಎಲ್ಲ ರಾಷ್ಟ್ರಗಳ ಹೊಣೆಯೆಂದು ಅದೇ ವಿಶ್ವಸಂಸ್ಥೆ ಒಡಂಬಡಿಕೆ ಮಾಡಿತ್ತು. ತಡೆಯಲೇಬೇಕು, ಆದರೆ ಒಳಗೆ ಕಾಲಿಡಬಾರದು. ಐವರು ಕಾಯಂ ಸದಸ್ಯರಲ್ಲಿ ಒಬ್ಬರು ವೀಟೊ ಹಾಕಿದರೂ ಬಾಗಿಲು ಮುಚ್ಚಿತು. ಇಂದಿನ ಎಲ್ಲ ಜಗಳಗಳ ಬೇರು ಈ ಗಂಟಿನಲ್ಲಿದೆ.

ಆ ಗಂಟನ್ನು ಮೊದಲು ಕತ್ತರಿಸಿದ ದೊಡ್ಡ ಪ್ರಕರಣ ನಮ್ಮದೇ. 1970ರ ಕೊನೆಯ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಅವಾಮಿ ಲೀಗ್ ಗೆದ್ದಿತ್ತು. ಆ ತೀರ್ಪನ್ನು ಒಪ್ಪದ ಪಾಕಿಸ್ತಾನಿ ಸೇನೆ 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಕೊಲೆಗಳನ್ನು ಆರಂಭಿಸಿತು. ವರ್ಷದ ಕೊನೆಯ ಹೊತ್ತಿಗೆ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತದಲ್ಲಿದ್ದರು. ಡಿಸೆಂಬರ್ 3ರಂದು ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದ ಬಳಿಕ ಪೂರ್ಣ ಯುದ್ಧ ನಡೆಯಿತು. 16ರಂದು ಢಾಕಾದಲ್ಲಿ ಶರಣಾಗತಿಯಾಯಿತು. ಮರೆಯಬಾರದ ಸಂಗತಿ ಎಂದರೆ ಆಗ ಜಗತ್ತು ಭಾರತದ ಬೆನ್ನು ತಟ್ಟಲಿಲ್ಲ. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆ ಕದನವಿರಾಮಕ್ಕೂ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳುವುದಕ್ಕೂ ಕರೆ ಕೊಟ್ಟ ನಿರ್ಣಯದ ಪರವಾಗಿ 104 ರಾಷ್ಟ್ರಗಳು ಮತ ಹಾಕಿದವು, ವಿರುದ್ಧವಾಗಿ ಬರೀ 11. ಭದ್ರತಾ ಮಂಡಳಿಯಲ್ಲಿ ಭಾರತವನ್ನು ಉಳಿಸಿದ್ದು ಸೋವಿಯತ್ ವೀಟೊ. ಪೂರ್ವ ಬಂಗಾಳದ ಜನರನ್ನು ಪಾರುಮಾಡುವುದೇ ನಮ್ಮ ಉದ್ದೇಶ ಎಂಬ ಮಾತನ್ನು ನಮ್ಮ ಪ್ರತಿನಿಧಿ ಸಮರ್ ಸೇನ್ ಅಲ್ಲಿ ಆಡಿದರಾದರೂ, ದಿಲ್ಲಿ ಮುಖ್ಯವಾಗಿ ನೆಚ್ಚಿಕೊಂಡಿದ್ದು ಆತ್ಮರಕ್ಷಣೆಯ ವಾದವನ್ನು.

ಪಾಕಿಸ್ತಾನವನ್ನು ಎರಡು ಹೋಳು ಮಾಡುವ ಲಾಭ ಭಾರತಕ್ಕೆ ಕಾಣಲಿಲ್ಲ ಎಂದು ಯಾರೂ ಹೇಳಲಾರರು. ಆ ಸ್ವಾರ್ಥವನ್ನು ಕಳಂಕವೆಂದು ಮುಚ್ಚಿಡುವ ಅಗತ್ಯವೂ ನನಗೆ ಕಾಣುವುದಿಲ್ಲ. ಕೋಟಿ ಜನ ಮರಳಿ ಮನೆ ಸೇರದಿದ್ದರೆ ಅವರ ಹೊರೆ ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಮುಗಳ ಮೇಲೆಯೇ ಉಳಿಯುತ್ತಿತ್ತು; ಹಾಗಾಗಿ ಅವರು ಮರಳಬಹುದಾದಂಥ ದೇಶವನ್ನು ಬಿಟ್ಟುಬರುವುದು ಭಾರತಕ್ಕೆ ಅನಿವಾರ್ಯವಾಗಿತ್ತು. ಅಧಿಕಾರ ವಹಿಸಿಕೊಡಲು ಚುನಾವಣೆ ಗೆದ್ದವರು ಅಲ್ಲಿಯೇ ಇದ್ದರು. 1972ರ ಮಾರ್ಚ್‌ನಲ್ಲಿ ಭಾರತೀಯ ಸೇನೆ ಹೊರಬಂತು, ನಿರಾಶ್ರಿತರಲ್ಲಿ ಬಹುಪಾಲು ಆ ಹೊತ್ತಿಗೆ ಊರು ಸೇರಿದ್ದರು.

1978ರ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಕಾಂಬೋಡಿಯಾಕ್ಕೆ ನುಗ್ಗಿ ಪೋಲ್ ಪೋಟ್ ಆಡಳಿತವನ್ನು ಕಿತ್ತೊಗೆದದ್ದೂ, 1979ರ ಏಪ್ರಿಲ್‌ನಲ್ಲಿ ಟಾಂಜಾನಿಯಾದ ಸೇನೆ ಕಂಪಾಲಾ ತಲುಪಿ ಇದಿ ಅಮೀನನನ್ನು ಓಡಿಸಿದ್ದೂ ಇದೇ ಬಗೆಯವು. ಮೂರೂ ನೆರೆಹೊರೆಯವರ ಯುದ್ಧಗಳು. ಮೂವರೂ ಮೊದಲು ದಾಳಿಗೋ ಗಡಿ ತಂಟೆಗೋ ತುತ್ತಾದವರು. ಮೂವರೂ ಮಾನವೀಯತೆಯನ್ನು ಮುಖ್ಯ ವಾದವಾಗಿಸಿಕೊಳ್ಳಲಿಲ್ಲ. ಜೀವ ಉಳಿಸಿದ ಲೆಕ್ಕದಲ್ಲಿ ಮಾತ್ರ ಈ ಮೂರರ ಸಮಕ್ಕೆ ನಿಲ್ಲುವ ಪ್ರಕರಣಗಳು ಆಮೇಲೆ ಕಡಿಮೆ. ಇದಕ್ಕೆ ಜಗತ್ತು ಕೊಟ್ಟ ಬಹುಮಾನ ಏನೆಂದರೆ, ಹದಿನೇಳು ಲಕ್ಷದಷ್ಟು ಜನರ ಸಾವಿಗೆ ಕಾರಣವಾದ ಪೋಲ್ ಪೋಟ್‌ನ ಖ್ಮೇರ್ ರೂಜ್‌ಗೇ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಆಸನವನ್ನು ವರ್ಷಗಟ್ಟಲೆ ಉಳಿಸಿಕೊಟ್ಟದ್ದು. ವಿಯೆಟ್ನಾಂ ಅಲ್ಲಿಂದ ಹೊರಟದ್ದು 1989ರಲ್ಲಿ, ಅದು ಬೇರೆ ಮಾತು.

ನೆರೆಯವರು ಹೋದರೆ ಎಲ್ಲ ನೆಟ್ಟಗಾಗುತ್ತದೆ ಎಂದು ಇಲ್ಲಿಗೆ ತೀರ್ಮಾನಿಸುವಂತಿಲ್ಲ. ಶ್ರೀಲಂಕಾ ಸೇನೆ ಜಾಫ್ನಾವನ್ನು ಸುತ್ತುವರಿದಿದ್ದಾಗ ಭಾರತ ಕಳಿಸಿದ ಪರಿಹಾರ ಸಾಮಗ್ರಿಯ ದೋಣಿಗಳನ್ನು ಅಲ್ಲಿನ ನೌಕಾಪಡೆ ತಡೆದು ವಾಪಸ್ ಕಳಿಸಿತು. ಮರುದಿನ, 1987ರ ಜೂನ್ 4ರಂದು, ವಾಯುಪಡೆಯ ಐದು ಎಎನ್-32 ವಿಮಾನಗಳು ನಮ್ಮ ಬೆಂಗಳೂರಿನಿಂದಲೇ ಹೊರಟು, ಮಿರಾಜ್ ಯುದ್ಧವಿಮಾನಗಳ ಬೆಂಗಾವಲಿನಲ್ಲಿ ಜಾಫ್ನಾದ ಮೇಲೆ ಸುಮಾರು 25 ಟನ್ ಆಹಾರ, ಔಷಧಿಗಳನ್ನು ಉದುರಿಸಿ ಬಂದವು. ಒಂದು ಊರಿನ ಹಸಿವಿಗೆ 25 ಟನ್ ಏನೂ ಅಲ್ಲ; ಕೊಲಂಬೊಗೆ ತಲುಪಬೇಕಾದ ಸಂದೇಶ ಮಾತ್ರ ತಲುಪಿತು. ಜುಲೈ 29ರ ಒಪ್ಪಂದದ ನಂತರ ಶಾಂತಿಪಾಲನಾ ಪಡೆ ಹೋಯಿತು. ಆ ಒಪ್ಪಂದಕ್ಕೆ ಸಹಿ ಹಾಕಿದ್ದು ದಿಲ್ಲಿ ಮತ್ತು ಕೊಲಂಬೊ. ಯಾರ ಸಲುವಾಗಿ ಹೋದೆವೋ ಆ ತಮಿಳರ ಪರವಾಗಿ ಯಾರ ಸಹಿಯೂ ಅದರಲ್ಲಿರಲಿಲ್ಲ. ಅಕ್ಟೋಬರ್ ಹೊತ್ತಿಗೆ ನಮ್ಮ ಸೈನಿಕರು ಎಲ್‌ಟಿಟಿಇ ಜೊತೆ ಬೀದಿ ಕಾಳಗದಲ್ಲಿದ್ದರು. ಜಾಫ್ನಾ ಆಸ್ಪತ್ರೆಯೊಳಗಿನ ಸಾವುಗಳ ಆರೋಪ ಭಾರತೀಯ ಪಡೆಯ ಮೇಲೆ ಇಂದಿಗೂ ಇದೆ. 1,100ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಪಡೆ ಮರಳಿತು. ಬೇರೆಯವರ ಮಧ್ಯಪ್ರವೇಶಗಳನ್ನು ಜಾಲಾಡುವ ನಮ್ಮ ವಿಶ್ಲೇಷಣೆಗಳಲ್ಲಿ ಈ ಅಧ್ಯಾಯ ಯಾಕೋ ಅಪರೂಪ.

ತೊಂಬತ್ತರ ದಶಕದಲ್ಲಿ ಗಡಿಯಾರದ ಲೋಲಕ ಎರಡೂ ತುದಿಗೆ ಹೋಗಿ ಬಂತು. ಸೊಮಾಲಿಯಾದ ಬರಗಾಲಕ್ಕೆ ಅನ್ನ ಹಂಚಲು ಹೋದ ಅಮೆರಿಕ, 1993ರ ಅಕ್ಟೋಬರ್‌ನಲ್ಲಿ ಮೊಗದಿಶುವಿನ ಒಂದು ಕಾಳಗದಲ್ಲಿ 18 ಸೈನಿಕರನ್ನು ಕಳೆದುಕೊಂಡು ಹಿಂದೆ ಸರಿಯಿತು. ಅದರ ಬೆಲೆ ತೆತ್ತವರು ರುವಾಂಡಾದವರು. 1994ರ ಏಪ್ರಿಲ್‌ನಲ್ಲಿ ಅಲ್ಲಿ ನರಮೇಧ ಶುರುವಾಗಿ ಎರಡು ವಾರ ಕಳೆದಾಗ ಭದ್ರತಾ ಮಂಡಳಿ ತನ್ನ ಪಡೆಯನ್ನು ಹೆಚ್ಚಿಸಲಿಲ್ಲ, 270ಕ್ಕೆ ಇಳಿಸಿತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು. ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ, ವಿಶ್ವಸಂಸ್ಥೆಯೇ ಸುರಕ್ಷಿತ ವಲಯವೆಂದು ಸಾರಿದ್ದ ಊರಿನಲ್ಲಿ, ಎಂಟು ಸಾವಿರದಷ್ಟು ಗಂಡಸರು ಮತ್ತು ಹುಡುಗರ ಕೊಲೆಯಾಯಿತು. ಆ ಅಪರಾಧಿ ಪ್ರಜ್ಞೆಯಲ್ಲಿ ನೇಟೊ 1999ರಲ್ಲಿ ಕೊಸೊವೊ ವಿಷಯಕ್ಕೆ ಭದ್ರತಾ ಮಂಡಳಿಯ ಅನುಮತಿಗೂ ಕಾಯದೆ ಯುಗೊಸ್ಲಾವಿಯಾದ ಮೇಲೆ 78 ದಿನ ಬಾಂಬು ಹಾಕಿತು. ಅದನ್ನು ನಿಲ್ಲಿಸಬೇಕೆಂಬ ಕರಡು ನಿರ್ಣಯಕ್ಕೆ ರಷ್ಯಾದ ಜೊತೆ ಭಾರತವೂ ಕೈಜೋಡಿಸಿತ್ತು. ಬಿದ್ದ ಮತ ಮೂರು. ಆ ಯುದ್ಧ ಕಾನೂನುಬಾಹಿರ, ಆದರೂ ನ್ಯಾಯಸಮ್ಮತ ಎಂದು ಸ್ವತಂತ್ರ ಆಯೋಗವೊಂದು ಆಮೇಲೆ ಅಭಿಪ್ರಾಯಪಟ್ಟಿತು. ಕಾನೂನು ಮುರಿಯುವ ಬಲವಿರುವವರಿಗೆ ಅದಕ್ಕಿಂತ ಅನುಕೂಲದ ತೀರ್ಪು ಬೇಕಿರಲಿಲ್ಲ.

ಈ ಗೊಂದಲಕ್ಕೆ ನಿಯಮ ಹಾಕುವ ಪ್ರಯತ್ನವಾಗಿ 2005ರ ವಿಶ್ವ ಶೃಂಗಸಭೆ ‘ಸಂರಕ್ಷಣೆಯ ಹೊಣೆ’ ಎಂಬ ತತ್ವವನ್ನು ಒಪ್ಪಿತು: ತನ್ನ ಜನರನ್ನು ನರಮೇಧದಿಂದ ಕಾಯುವುದು ಆಯಾ ಸರ್ಕಾರದ ಹೊಣೆ, ಅದು ಕೈಚೆಲ್ಲಿದರೆ ಭದ್ರತಾ ಮಂಡಳಿಯ ಮೂಲಕ ಜಗತ್ತಿನ ಹೊಣೆ. 2011ರ ಮಾರ್ಚ್ 17ರಂದು ಲಿಬಿಯಾದಲ್ಲಿ ಅದರ ದೊಡ್ಡ ಪರೀಕ್ಷೆ ಬಂತು. ಬೆಂಗಾಜಿಯ ಜನರನ್ನು ಗಡಾಫಿಯ ಪಡೆಗಳಿಂದ ರಕ್ಷಿಸಲು ಅಗತ್ಯವಾದ ಎಲ್ಲ ಕ್ರಮಗಳಿಗೂ ಅನುಮತಿ ಕೊಟ್ಟ ನಿರ್ಣಯದ ಪರ ಹತ್ತು ಮತ ಬಿದ್ದವು. ಭಾರತ, ಬ್ರೆಜಿಲ್, ಜರ್ಮನಿ, ರಷ್ಯಾ, ಚೀನಾ ತಟಸ್ಥವಾಗಿ ಉಳಿದವು. ಬೆಂಗಾಜಿ ಉಳಿಯಿತು. ಆದರೆ ಬಾಂಬು ದಾಳಿ ಅಲ್ಲಿಗೆ ನಿಲ್ಲಲಿಲ್ಲ, ಅಕ್ಟೋಬರ್ 20ರಂದು ಗಡಾಫಿ ಸಾಯುವವರೆಗೂ ನಡೆಯಿತು. ನಾಗರಿಕರನ್ನು ಕಾಯಲು ಕೊಟ್ಟ ಅನುಮತಿ ಸರ್ಕಾರ ಉರುಳಿಸಲು ಬಳಕೆಯಾಯಿತು. ಗಡಾಫಿಯ ಜಾಗಕ್ಕೆ ಯಾರು ಎಂಬುದನ್ನು ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳಲ್ಲಿ ಯಾರೂ ಸರಿಯಾಗಿ ಯೋಚಿಸಿರಲಿಲ್ಲ; ದೇಶ ಸಶಸ್ತ್ರ ಗುಂಪುಗಳ ಪಾಲಾಯಿತು, ಅದರ ಬಂದೂಕುಗಳು ಮಾಲಿಯವರೆಗೆ ಹರಿದುಹೋದವು. ನಾಗರಿಕರ ಮೇಲಿದ್ದ ಅಪಾಯವನ್ನು ಉತ್ಪ್ರೇಕ್ಷಿಸಲಾಗಿತ್ತು ಎಂದು ಬ್ರಿಟನ್ ಸಂಸತ್ತಿನ ವಿದೇಶಾಂಗ ಸಮಿತಿ 2016ರಲ್ಲಿ ವರದಿ ಕೊಟ್ಟಿತು. 1831ರಲ್ಲಿ ಮೈಸೂರಿಗೆ ಆದಂತೆ ಇಲ್ಲಿಯೂ ವಿಚಾರಣೆ ಆಮೇಲೆ ಬಂತು, ಆದರೆ ಈ ಸಲ ಅಲ್ಲಿ ಕೂತು ಆಡಳಿತ ನಡೆಸುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಲಿಲ್ಲ.

ಲಿಬಿಯಾದ ನಂತರ ರಷ್ಯಾ ಮತ್ತು ಚೀನಾ ಸಿರಿಯಾ ವಿಷಯದಲ್ಲಿ ಒಂದಾದ ಮೇಲೊಂದು ವೀಟೊ ಹಾಕಿದವು. ಪಶ್ಚಿಮದ ಪದಕೋಶವನ್ನು ರಷ್ಯಾ ಎರವಲು ಪಡೆಯಲೂ ಹಿಂಜರಿಯಲಿಲ್ಲ. ಡೊನ್ಬಾಸ್‌ನ ಜನರನ್ನು ನರಮೇಧದಿಂದ ಕಾಪಾಡಲೆಂದೇ ಉಕ್ರೇನಿಗೆ ಸೈನ್ಯ ಕಳಿಸುತ್ತಿರುವುದಾಗಿ 2022ರ ಫೆಬ್ರವರಿ 24ರಂದು ಪುಟಿನ್ ಘೋಷಿಸಿದರು. ಮೂರು ವಾರದೊಳಗೆ ಅಂತರರಾಷ್ಟ್ರೀಯ ನ್ಯಾಯಾಲಯ, ಆರೋಪಕ್ಕೆ ತನ್ನೆದುರು ಪುರಾವೆ ಇಲ್ಲವೆಂದು, ಕಾರ್ಯಾಚರಣೆಯನ್ನು ನಿಲ್ಲಿಸುವಂತೆ 13-2 ಬಹುಮತದಿಂದ ಆದೇಶಿಸಿತು. ಬಹುಮತದಲ್ಲಿ ಭಾರತದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಅವರೂ ಇದ್ದರು. ಯುದ್ಧ ನಿಲ್ಲಲಿಲ್ಲ.

ಇಷ್ಟನ್ನು ಮುಂದಿಟ್ಟುಕೊಂಡು ಎಲ್ ಫಾಶರ್ ಕಡೆ ನೋಡಿದರೆ ಚಿತ್ರ ಇನ್ನೂ ಕಹಿಯಾಗುತ್ತದೆ. ದಾರ್ಫುರ್‌ನಲ್ಲಿ ನಡೆಯುತ್ತಿರುವುದು ನರಮೇಧವೆಂದು ಅಮೆರಿಕ 2004ರಲ್ಲೇ ಸಾರಿತ್ತು, 2025ರ ಜನವರಿಯಲ್ಲಿ ಆರ್‌ಎಸ್‌ಎಫ್ ಬಗ್ಗೆ ಮತ್ತೆ ಸಾರಿತು. ಎರಡು ಸಲವೂ ಸೈನ್ಯ ಹೊರಡಲಿಲ್ಲ. ವಿಶ್ವಸಂಸ್ಥೆ ಮತ್ತು ಆಫ್ರಿಕನ್ ಒಕ್ಕೂಟದ ಜಂಟಿ ಶಾಂತಿಪಾಲನಾ ಪಡೆಯ ಕೇಂದ್ರ ಕಚೇರಿ ಇದ್ದದ್ದು ಎಲ್ ಫಾಶರ್‌ನಲ್ಲೇ. ಆ ಪಡೆಯ ಅವಧಿ 2020ರ ಕೊನೆಗೆ ಮುಗಿಯಿತು, ಯುದ್ಧ ಬಂದದ್ದು ಎರಡೂವರೆ ವರ್ಷದೊಳಗೆ. ಮುತ್ತಿಗೆ ತೆರವುಗೊಳಿಸಿ ಎಂದು 2024ರ ಜೂನ್‌ನಲ್ಲಿ ಭದ್ರತಾ ಮಂಡಳಿ ನಿರ್ಣಯ ಮಾಡಿತು; ಅದನ್ನು ಜಾರಿ ಮಾಡುವವರು ಇರಲಿಲ್ಲ. ನಾಗರಿಕರ ರಕ್ಷಣೆಗಾಗಿ ತಂದ ಇನ್ನೊಂದು ಕರಡಿಗೆ ನವೆಂಬರ್‌ನಲ್ಲಿ ರಷ್ಯಾ ವೀಟೊ ಹಾಕಿತು.

ಇದಕ್ಕೆ ಎದುರಾಗಿ ಕೆಂಪು ಸಮುದ್ರವನ್ನು ಇಟ್ಟು ನೋಡಿ. ಗಾಜಾ ಜನರ ಪರವಾಗಿ ಎಂದು ಹೇಳಿಕೊಂಡು ಯೆಮನ್‌ನ ಹೌತಿ ಬಂಡುಕೋರರು 2023ರ ನವೆಂಬರ್ 19ರಂದು ಒಂದು ಸರಕು ಹಡಗನ್ನು ಅಪಹರಿಸಿದರು. ಡಿಸೆಂಬರ್ 18ರಷ್ಟರಲ್ಲಿ ಅಮೆರಿಕದ ನೇತೃತ್ವದಲ್ಲಿ ಹಲವು ರಾಷ್ಟ್ರಗಳ ನೌಕಾ ಕೂಟ ಘೋಷಣೆಯಾಯಿತು. ಸೂಯೆಜ್ ದಾರಿ ಬಿಟ್ಟು ಆಫ್ರಿಕಾವನ್ನು ಸುತ್ತಿಕೊಂಡು ಹಡಗುಗಳು ಯುರೋಪ್ ಸೇರಬೇಕಾದಾಗ ಬಾಡಿಗೆ ಏರಿದ ಬಿಸಿ, ಇಟಲಿಗೆ ಕಾಫಿ ಕಳಿಸುವ ನಮ್ಮ ಚಿಕ್ಕಮಗಳೂರು, ಸಕಲೇಶಪುರದ ವ್ಯಾಪಾರಕ್ಕೂ ತಟ್ಟಿತ್ತಾದ್ದರಿಂದ ಆ ನೌಕೆಗಳು ಬಂದದ್ದು ತಪ್ಪೆಂದು ನಾನು ಹೇಳಲಾರೆ. ಹಡಗಿನ ಸರಕಿಗೆ ಒಂದು ತಿಂಗಳು ಸಾಕಾಯಿತು, ದಾರ್ಫುರ್‌ನ ಜನರಿಗೆ ಎರಡು ದಶಕ ಸಾಲಲಿಲ್ಲ ಎಂಬುದನ್ನಷ್ಟೇ ದಾಖಲಿಸಬೇಕು.

ಹಾಗಾದರೆ ನೆರೆಯವರೇ ಮುಂದೆ ಬರಬೇಕೇ? ಕಾನೂನಿನ ಮಟ್ಟಿಗೆ ಆಫ್ರಿಕಾ ಉಳಿದವರಿಗಿಂತ ಮುಂದಿದೆ. 2000ದ ಆಫ್ರಿಕನ್ ಒಕ್ಕೂಟದ ಸಂಸ್ಥಾಪನಾ ಕಾಯ್ದೆಯ ನಾಲ್ಕನೆಯ ಕಲಮು, ನರಮೇಧ ನಡೆದರೆ ಸದಸ್ಯ ರಾಷ್ಟ್ರದೊಳಗೆ ಅದರ ಒಪ್ಪಿಗೆ ಇಲ್ಲದೆಯೂ ಪ್ರವೇಶಿಸುವ ಹಕ್ಕನ್ನು ಒಕ್ಕೂಟಕ್ಕೆ ಕೊಟ್ಟಿದೆ. ಅದನ್ನು ಬಳಸುವ ಹತ್ತಿರಕ್ಕೆ ಬಂದದ್ದು ಬುರುಂಡಿಯ ವಿಷಯದಲ್ಲಿ. 2015ರ ಕೊನೆಯಲ್ಲಿ ಐದು ಸಾವಿರ ಸೈನಿಕರನ್ನು ಕಳಿಸಲು ಒಕ್ಕೂಟದ ಶಾಂತಿ ಮಂಡಳಿ ತೀರ್ಮಾನಿಸಿತು, ಬುರುಂಡಿ ಸರ್ಕಾರ ಬೇಡವೆಂದಿತು, ಮುಂದಿನ ತಿಂಗಳ ಶೃಂಗಸಭೆಯಲ್ಲಿ ಉಳಿದ ರಾಷ್ಟ್ರನಾಯಕರು ಹಿಂದೆಗೆದರು. ಇಂದು ಬುರುಂಡಿಗೆ ಆದದ್ದು ನಾಳೆ ತಮಗೂ ಆಗಬಹುದೆಂಬ ಲೆಕ್ಕ ಅವರದಿದ್ದೀತು. ಸುಡಾನಿನಲ್ಲಿ ತೊಡಕು ಅದಕ್ಕಿಂತ ದೊಡ್ಡದು. 1971ರಲ್ಲಿ ಭಾರತಕ್ಕೆ ಆದಂತೆ ಇಲ್ಲಿ ನಿರಾಶ್ರಿತರ ಹೊರೆ ಹೊತ್ತಿರುವುದು ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್. ಪರಿಣಾಮ ಉಣ್ಣುವ ನೆರೆಯವರು ಇದ್ದಾರೆ ಎಂದಾಯಿತು. ಆದರೆ ಈಜಿಪ್ಟ್ ನಿಂತಿರುವುದು ಸುಡಾನಿನ ಸೇನೆಯ ಬೆನ್ನಿಗೆ. ಆರ್‌ಎಸ್‌ಎಫ್‌ಗೆ ಶಸ್ತ್ರಾಸ್ತ್ರ ಚಾಡ್ ಮಾರ್ಗವಾಗಿ ಸಾಗುತ್ತಿದೆ ಎಂಬ ಆರೋಪವಿದೆ, ಅದನ್ನು ಒದಗಿಸುತ್ತಿರುವ ಆರೋಪ ಹೊತ್ತಿರುವ ಸಂಯುಕ್ತ ಅರಬ್ ಎಮಿರೇಟ್ಸ್ ಅದನ್ನು ನಿರಾಕರಿಸುತ್ತದೆ. ಇನ್ನು ಅಧಿಕಾರ ವಹಿಸಿಕೊಡಬಹುದಾಗಿದ್ದ ನಾಗರಿಕ ಸರ್ಕಾರವನ್ನು 2021ರ ಅಕ್ಟೋಬರ್‌ನಲ್ಲಿ ಉರುಳಿಸಿದವರು, ಈಗ ಪರಸ್ಪರ ಕಾದಾಡುತ್ತಿರುವ ಸೇನೆ ಮತ್ತು ಆರ್‌ಎಸ್‌ಎಫ್‌ಗಳ ಮುಖ್ಯಸ್ಥರಾದ ಇದೇ ಇಬ್ಬರು ಜನರಲ್‌ಗಳು.